ತಾನಾಗಿ ಉದುರಬೇಕಾದ ಮಣ್ಣು

ನನ್ನ ತಂಗಿಯ ಎಡಗಿವಿ ಸೋರುತ್ತಿತ್ತು. ಚಿಕ್ಕಂದಿನಿಂದಲೇ ಸೋರುತ್ತಿತ್ತು, ಹಾಗಾಗಿ ನಮ್ಮ ಮನೆಯಲ್ಲಿ ಯಾರೂ ಅದನ್ನು ರೋಗದ ಲೆಕ್ಕಕ್ಕೆ ಸೇರಿಸಿರಲಿಲ್ಲ. ಒಬ್ಬರಿಗೆ ಮೆಳ್ಳಗಣ್ಣು, ಇನ್ನೊಬ್ಬರಿಗೆ ಉಗ್ಗು, ಇವಳಿಗೆ ಸೋರುವ ಕಿವಿ, ಅಷ್ಟೇ. ಅವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಿದ್ದಳು, ಮೇಲೆ ಹತ್ತಿ ತುರುಕುತ್ತಿದ್ದಳು. ಎಮ್ಮೆಗಳನ್ನು ಕಾಲುವೆಗೆ ಇಳಿಸಿ ಮೈ ತಿಕ್ಕುವಾಗ ತಂಗಿಯೂ ಅವುಗಳ ಜತೆ ಮುಳುಗೇಳುತ್ತಿದ್ದಳು. ಹತ್ತಿ ನೀರು ಕುಡಿದು ಎಲ್ಲೋ ಬಿದ್ದುಹೋಗುತ್ತಿತ್ತು. ಸಂಜೆಗೆ ಮತ್ತೆ ಎಣ್ಣೆ, ಮತ್ತೆ ಹತ್ತಿ.

ಆ ಕಿವಿ ಅಷ್ಟಾಗಿ ಕೇಳುತ್ತಲೂ ಇರಲಿಲ್ಲ. ಯಾರಾದರೂ ಮಾತಾಡಿಸಿದರೆ ಅವಳು ಮುಖ ತಿರುಗಿಸಿ ಬಲಗಿವಿಯನ್ನು ಮುಂದೆ ಮಾಡುತ್ತಿದ್ದಳು. "ಈ ಕಿವ್ಯಾಗ ಹೇಳ ಅಕ್ಕಾ, ಆ ಕಿವಿ ಸೂಟಿ ಮ್ಯಾಲ ಹೋಗೈತಿ" ಎನ್ನುತ್ತಿದ್ದಳು. ನಾವಿಬ್ಬರೂ ಒಂದೇ ಕೌದಿಯಲ್ಲಿ ಮಲಗುವವರು. ದಿನದ ಹರಟೆಯೆಲ್ಲ ಅಲ್ಲಿಯೇ ನಡೆಯಬೇಕು, ಆದ್ದರಿಂದ ನಾನು ಯಾವಾಗಲೂ ಅವಳ ಬಲಕ್ಕೇ ಮಲಗುತ್ತಿದ್ದೆ. ಮದುವೆಯಾಗಿ ಅಥಣಿ ಕಡೆಗೆ ಹೋದ ಮೇಲೂ ಎಷ್ಟೋ ಕಾಲ ನಿದ್ದೆಗಣ್ಣಿನಲ್ಲಿ ಹಾಸಿಗೆಯ ಬಲಕ್ಕೇ ಸರಿಯುತ್ತಿದ್ದೆ. ನನ್ನ ಗಂಡ ಇದನ್ನು ಕಂಡು ನಗುತ್ತಿದ್ದ. ಅವನಿಗೆ ನಾನು ಕಾರಣ ಹೇಳಲಿಲ್ಲ.

ನಮ್ಮೂರು ಹಾರೂಗೇರಿಗೂ ರಾಯಬಾಗಕ್ಕೂ ನಡುವೆ. ಅಪ್ಪನಿಗೆ ಕಾಲುವೆ ಬದಿಯಲ್ಲಿ ತುಸು ಕಬ್ಬು, ಉಳಿದದ್ದು ಜೋಳ. ಹೊಟ್ಟೆ ತುಂಬಿಸುತ್ತಿದ್ದದ್ದು ಎಮ್ಮೆಗಳ ಹಾಲು. ನಾನು ರಾಯಬಾಗದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿ ಬಂದು ಎಸ್ಸೆಸ್ಸೆಲ್ಸಿ ಮುಗಿಸಿದವಳು, ಆ ಜಂಬ ಸಾಕಷ್ಟಿತ್ತು. ತಂಗಿ ಏಳನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದಿದ್ದಳು. ಎಮ್ಮೆಗಳ ಜತೆ ಇಡೀ ದಿನ ಇರುತ್ತಿದ್ದರಿಂದ ಊರಿನ ಸುದ್ದಿಯೆಲ್ಲ ಅವಳಿಗೇ ಮೊದಲು ಗೊತ್ತಾಗುತ್ತಿತ್ತು. ಯಾರ ಮನೆಯ ಸೊಸೆ ತವರಿಗೆ ಹೋದಳು, ಯಾರ ಬಾವಿಗೆ ನೀರು ಬಿತ್ತು, ಯಾರು ಯಾರ ಕಬ್ಬಿಗೆ ದನ ಬಿಟ್ಟರು, ಎಲ್ಲವನ್ನೂ ಒಂದೇ ಕಿವಿಯಲ್ಲಿ ತುಂಬಿಕೊಂಡು ಬಂದು ನನ್ನ ಎರಡು ಕಿವಿಗೆ ಸುರಿಯುತ್ತಿದ್ದಳು. ಎರಡು ಕಿವಿ ಇರುವವರಿಗೆ ಕೇಳಿಸದ್ದು ನಿನಗೆ ಹೇಗೆ ಕೇಳಿಸುತ್ತದೆ ಅಂದರೆ, "ನೀವು ಒಂದರಾಗ ಹಾಕ್ಕೊಂಡ ಒಂದರಾಗ ಬಿಡ್ತೀರಿ. ನಂದ ಬಿಡೂ ಕಿವಿ ಬಂದ್ ಐತಿ" ಎಂದು ಉತ್ತರ ಸಿದ್ಧವಿರುತ್ತಿತ್ತು.

ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ಕಬ್ಬು ಕಡಿಯುವವರು ಬಂದು ಇಳಿದಿದ್ದರು, ಗಾಡಿಗಳು ಫ್ಯಾಕ್ಟರಿ ದಾರಿ ಹಿಡಿದಿದ್ದವು. ನಮ್ಮ ಓಣಿಯ ಮಕ್ಕಳಿಗೆಲ್ಲ ಮಂಗನಬಾವು ಬಂತು. ಒಂದು ಮನೆಯಲ್ಲಿ ಇಳಿದರೆ ಇನ್ನೊಂದು ಮನೆಯಲ್ಲಿ ಏರುತ್ತಿತ್ತು. ಮಕ್ಕಳು ಊದಿದ ಗಲ್ಲ ಹೊತ್ತುಕೊಂಡು ಓಣಿಯ ತುಂಬ ಕುಣಿಯುತ್ತಿದ್ದವು. ಯಾರಿಗೂ ಅದರ ಭಯವಿರಲಿಲ್ಲ, ಭಯಪಡುವಂಥದ್ದೂ ಅಲ್ಲ. ತಂಗಿಗೆ ಆಗ ಹದಿನಾರು ತುಂಬಿತ್ತು. ಆ ವಯಸ್ಸಿನಲ್ಲಿ ಅವಳಿಗೂ ಬಂತು, ಎರಡೂ ಗಲ್ಲಕ್ಕೆ ಒಟ್ಟಿಗೇ. ಕನ್ನಡಿ ಹಿಡಿದು, "ನೋಡಬೇ ಅಕ್ಕಾ, ಉಂಡ ಉಬ್ಬಿದ ದ್ರಾಕ್ಷಿ ತ್ವಾಟದವ್ರ ಸೊಸಿ ಕಂಡಂಗ ಕಾಣಾಕತ್ತೇನಿ" ಎಂದು ನಕ್ಕಳು. ನಗುವಾಗ ನೋವಾಗಿ ಗಲ್ಲ ಹಿಡಿದುಕೊಂಡು ಮತ್ತೆ ನಕ್ಕಳು.

ನಮ್ಮ ಕಡೆ ಮಂಗನಬಾವಿಗೆ ಡಾಕ್ಟರ ಬಳಿ ಯಾರೂ ಹೋಗುತ್ತಿರಲಿಲ್ಲ. ಕುಂಬಾರರ ಮನೆಗೆ ಹೋಗುತ್ತಿದ್ದರು. ಕುಂಬಾರಜ್ಜಿ ತಿಗರಿ ತಿರುಗಿಸಿ ಗಡಿಗೆ ಮಾಡಿದ ಮೇಲೆ ಕೈಗೆ ಮೆತ್ತಿ ಉಳಿಯುತ್ತದಲ್ಲ ನುಣ್ಣನೆಯ ಕೆಸರು, ಅದನ್ನೇ ಹೆಬ್ಬೆರಳಿನಿಂದ ಗಲ್ಲದಿಂದ ಹಿಡಿದು ಕಿವಿಯ ಹಿಂದಿನವರೆಗೂ ದಪ್ಪಗೆ ಬಳಿಯುತ್ತಿದ್ದಳು. ತಣ್ಣಗಿರುತ್ತಿತ್ತು, ಹಿತವಾಗಿಯೂ ಇರುತ್ತಿತ್ತು. ನನಗೂ ಚಿಕ್ಕಂದಿನಲ್ಲಿ ಬಳಿದಿದ್ದಳು. ಬಳಿದಾದ ಮೇಲೆ ಅವಳು ಹೇಳುವ ಮಾತು ಒಂದೇ: "ತಾನಾಗಿ ಉದುರಬೇಕ್ರಿ. ನೀರ ಮುಟ್ಟಸಬ್ಯಾಡ್ರಿ. ತೊಳದ್ರ ಬಾವು ಒಳಗ ಇಳೀತೈತಿ." ಒಣಗಿ ಬಿರುಕು ಬಿಟ್ಟರೆ ಅದರ ಮೇಲೆ ಇನ್ನೊಂದು ಪದರು ಬಳಿಯಬೇಕು. ಬಾವು ಇಳಿದಾಗ ಮಣ್ಣು ತಾನೇ ಚಕ್ಕೆಯಾಗಿ ಬೀಳುತ್ತದೆ. ಓಣಿಯ ಮಕ್ಕಳಿಗೆಲ್ಲ ಹಾಗೆಯೇ ಬಿದ್ದಿತ್ತು. ಅವ್ವ ತಂಗಿಯನ್ನು ಕರೆದೊಯ್ದು ಮಣ್ಣು ಬಳಿಸಿಕೊಂಡು ಬಂದಳು. ಕೆಸರನ್ನು ಒಂದು ಚರಿಗೆಯಲ್ಲಿ ತಂದೂ ಇಟ್ಟುಕೊಂಡಳು.

ಆಮೇಲೆ ಒಂದು ಸಂಗತಿ ನಡೆಯಿತು. ತಂಗಿಯ ಕಿವಿ ಸೋರುವುದು ನಿಂತಿತು. ಹುಟ್ಟಿದಂದಿನಿಂದ ಎಂಬಂತೆ ಸೋರುತ್ತಿದ್ದ ಕಿವಿ, ಯಾವ ಎಣ್ಣೆಗೂ ಬಗ್ಗದ ಕಿವಿ, ಮಣ್ಣು ಹಚ್ಚಿದ ಮೇಲೆ ಒಣಗಿ ನಿಂತಿತು. ಹತ್ತಿ ತೆಗೆದು ನೋಡಿದರೆ ಬೆಳ್ಳಗೆ ಇತ್ತು. ಅವ್ವನ ಸಂತೋಷ ನೋಡಬೇಕಿತ್ತು. ಒಂದು ಕಲ್ಲಿಗೆ ಎರಡು ಹಣ್ಣು ಬಿದ್ದವು ಎಂದು ಓಣಿಯಲ್ಲೆಲ್ಲ ಹೇಳಿದಳು. ಕುಂಬಾರಜ್ಜಿಗೆ ಕುಬಸದ ಬಟ್ಟೆ, ಒಂದು ತೆಂಗಿನಕಾಯಿ ಒಯ್ದು ಉಡಿ ತುಂಬಿ ಬಂದಳು. ನಾನೂ ಸಂತೋಷಪಟ್ಟೆ. ಯಾಕೆ ಪಡಬಾರದು?

ಒಳಗಿನ ಕೀವಿಗೆ ಹೊರಗೆ ಬರುವ ದಾರಿ ಮುಚ್ಚಿದಾಗ ಕಿವಿ ಒಣಗಿದಂತೆ ಕಾಣುತ್ತದೆ ಎಂದು ಹೇಳುವವರು ಆಗ ನಮ್ಮ ಸುತ್ತ ಯಾರೂ ಇರಲಿಲ್ಲ.

ಬಾವು ಬಂದ ಕೆಲವು ದಿನಕ್ಕೆ ತಂಗಿಗೆ ತಲೆನೋವು ಹಿಡಿಯಿತು, ಜ್ವರ ಏರಿತು, ತಿಂದದ್ದು ವಾಂತಿಯಾಯಿತು. ಕಿಟಕಿಯ ಬೆಳಕು ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದಳು. ಅಪ್ಪ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಹಾರೂಗೇರಿಯ ಡಾಕ್ಟರಿಗೆ ತೋರಿಸಿದ. ಡಾಕ್ಟರು ಒಳ್ಳೆಯ ಮನುಷ್ಯ. ಮುಖಕ್ಕೆ ಮೆತ್ತಿದ್ದ ಮಣ್ಣು ನೋಡಿದರು, ಕತ್ತು ಬಗ್ಗಿಸಿ ನೋಡಿದರು. "ಮಂಗನಬಾವು ಮಿದುಳಿನ ಪೊರಿತನಾ ಹೋಗೈತಿ. ಒಮ್ಮೊಮ್ಮೆ ಹೋಗ್ತೈತಿ, ಹೆದರಬ್ಯಾಡ್ರಿ. ಅದು ವೈರಸ್, ತಾನಾಗಿ ಬಂದದ್ದು ತಾನಾಗಿ ಹೋಗ್ತೈತಿ" ಎಂದು ಹೇಳಿ ಜ್ವರಕ್ಕೆ, ವಾಂತಿಗೆ ಗುಳಿಗೆ ಕೊಟ್ಟರು.

ಅವರು ಹೇಳಿದ್ದು ನಿಜವೇ ಆಗಿತ್ತು. ನಾನು ಎಷ್ಟೋ ವರ್ಷ ಆ ಡಾಕ್ಟರನ್ನು ಮನಸ್ಸಿನಲ್ಲೇ ಬೈದಿದ್ದೇನೆ, ಆದರೆ ನ್ಯಾಯವಾಗಿ ಹೇಳಬೇಕೆಂದರೆ ಅವರು ಸುಳ್ಳು ಹೇಳಿರಲಿಲ್ಲ. ಎರಡು ದಿನಕ್ಕೆ ತಂಗಿ ಎದ್ದು ಕುಳಿತಳು. ಗಂಜಿ ಕುಡಿದಳು. ಗಬ್ಬದ ಎಮ್ಮೆ ಇಂದೋ ನಾಳೆಯೋ ಈಯಬೇಕಿತ್ತು, ಅದನ್ನು ನೋಡಲು ಗೋಡೆ ಹಿಡಿದುಕೊಂಡು ಕೊಟ್ಟಿಗೆಯವರೆಗೂ ಹೋಗಿ ಬಂದಳು. ಬಲಗಲ್ಲದ ಬಾವು ಇಳಿದು ಆ ಕಡೆಯ ಮಣ್ಣು ತಾನಾಗಿ ಉದುರಿ ಬಿತ್ತು. ಅವ್ವ ಚಕ್ಕೆಗಳನ್ನು ಆರಿಸಿ ಸೀರೆಯ ಸೆರಗಿನಲ್ಲಿ ಹಾಕಿಕೊಂಡು ತುಳಸಿ ಕಟ್ಟೆಗೆ ಚೆಲ್ಲಿದಳು. ಎಡಗಡೆಯದು ಮಾತ್ರ ಉದುರಲಿಲ್ಲ.

"ಅವ್ವಾ, ಕಿವಿ ಹಿಂದ ಕಡೀತೈತಿ. ಒಮ್ಮಿ ತೊಳಿ" ಎಂದಳು ತಂಗಿ. ಉಗುರಿನಿಂದ ಕೆರೆಯಲು ಹೋದಳು. ಅವ್ವ ಪಟ್ಟನೆ ಕೈಗೆ ಹೊಡೆದಳು.

"ತಾನಾಗಿ ಉದುರಬೇಕು. ಇಷ್ಟ ದಿನಾ ತಾಳಿ, ಇನ್ನ ನಾಕ ದಿನಾ ತಾಳಾಕ ಏನ ಧಾಡಿ ನಿನಗ?"

ಬೈದರೂ ಅವ್ವನ ಬೈಗುಳ ಹಗುರವಾಗಿತ್ತು, ಅದರಲ್ಲಿ ಮಗಳು ಎದ್ದು ಕುಳಿತಳಲ್ಲ ಎಂಬ ನೆಮ್ಮದಿ ಇತ್ತು. ಚರಿಗೆಯಲ್ಲಿ ಉಳಿದಿದ್ದ ಕೆಸರಿಗೆ ನೀರು ಕಲಸಿ ಎಡಗಡೆಗೆ ಇನ್ನೊಂದು ಪದರು ಬಳಿದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಜ್ವರ ಮತ್ತೆ ಬಂತು. ಈ ಸಲದ ಜ್ವರ ಬೇರೆ. ಮೊದಲಿನದರಲ್ಲಿ ಅವಳು ನರಳುತ್ತಿದ್ದಳು, ನಮ್ಮನ್ನು ಬೈಯುತ್ತಿದ್ದಳು. ಈಗ ಸುಮ್ಮನಾದಳು. ಕತ್ತು ಕಟ್ಟಿಗೆಯಂತೆ ಬಿಗಿಯಿತು. ನನ್ನನ್ನು ಅವ್ವಾ ಎಂದು ಕರೆದಳು, ಅವ್ವನನ್ನು ಯಾರೋ ಎಂಬಂತೆ ನೋಡಿದಳು. ಆಮೇಲೆ ಕೈಕಾಲು ಸೆಟೆದು ಒಂದು ಸಲ ಫಿಟ್ಸ್ ಬಂತು. ಓಣಿಯವರು ಓಡಿ ಬಂದು ಕೈಗೆ ಕಬ್ಬಿಣ ಕೊಟ್ಟರು, ಈರುಳ್ಳಿ ಮೂಸಿಸಿದರು. ಅಪ್ಪ ಯಾರ ಮಾತನ್ನೂ ಕೇಳದೆ ಅವಳನ್ನು ಹೊತ್ತುಕೊಂಡ. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಗಡಿಯಾಚೆಯ ಮಿರಜದ ಆಸ್ಪತ್ರೆ. ರಾಯಬಾಗ ಸ್ಟೇಷನ್ನಿನಿಂದ ರೈಲಿಗೆ ಹತ್ತಿಸಿದೆವು.

ರೈಲಿನಲ್ಲಿ ತಂಗಿಯ ತಲೆ ನನ್ನ ತೊಡೆಯ ಮೇಲೆ ಇತ್ತು. ಕುಡಚಿಯ ಹತ್ತಿರ ಕೃಷ್ಣೆ ಬಂದಾಗ ಅವ್ವ ಸೊಂಟದ ಚೀಲ ಬಿಚ್ಚಿ ಹೊಳೆಗೆ ನಾಣ್ಯ ಎಸೆದಳು, ಕೈಮುಗಿದಳು. ಪ್ರತಿ ಸಲ ಆ ಸೇತುವೆ ಬಂದಾಗ ತಂಗಿ ಕಿಟಕಿಗೆ ಬಲಗಿವಿ ಹಚ್ಚಿ ಕೂರುತ್ತಿದ್ದಳು, ಸೇತುವೆಯ ಮೇಲೆ ರೈಲಿನ ಸದ್ದು ಬದಲಾಗುತ್ತದಲ್ಲ, ಅದನ್ನು ಕೇಳಲು. ಆ ದಿನ ನಾನು ಬೇಕೆಂದೇ ಅವಳ ಬಲಗಿವಿ ಮೇಲೆ ಬರುವಂತೆ ತಲೆ ತಿರುಗಿಸಿದೆ. ಅವಳಿಗೆ ಕೇಳಿಸಿತೋ ಇಲ್ಲವೋ. ಕೇಳಿಸಿದ್ದರೆ ಅವಳು ಕೇಳಿದ ಕೊನೆಯ ದೊಡ್ಡ ಸದ್ದು ಅದೇ ಇರಬೇಕು. ಹಾಗೆಂದು ನಾನು ನಂಬಿಕೊಂಡಿದ್ದೇನೆ, ನಂಬದೆ ಬೇರೆ ಗತಿಯಿಲ್ಲ.

ಮಿರಜದ ಆಸ್ಪತ್ರೆಯ ಡಾಕ್ಟರು ನಡುವಯಸ್ಸಿನವರು, ಮರಾಠಿಯವರು. ಗಡಿಯ ಕಡೆಯ ರೋಗಿಗಳ ಜತೆ ಮಾತಾಡಿ ಮಾತಾಡಿ ನಮ್ಮ ಕನ್ನಡವೂ ಅವರಿಗೆ ಬರುತ್ತಿತ್ತು. ಮೊದಲು ಮಣ್ಣನ್ನು ಬೆರಳಿನಿಂದ ತಟ್ಟಿ ನೋಡಿದರು. ಅದು ಟಕಟಕ ಎಂದಿತು. ನರ್ಸಿಗೆ ತೊಳೆಯಲು ಹೇಳಿದರು. ನರ್ಸು ಬಿಸಿನೀರಿನ ಬೋಗುಣಿ, ಹತ್ತಿ ಹಿಡಿದು ಬಂದಳು. "ಹೆ ಧುವಾಯ್ಲಾ ಪಾಹಿಜೆ, ಆಯಿ" ಎಂದು ಅವ್ವನಿಗೆ ಹೇಳಿದಳು, ಇದನ್ನು ತೊಳೆಯಲೇಬೇಕು ಎಂದು. ಅವ್ವ ಗಟ್ಟಿಯಾಗಿ ಆ ಹುಡುಗಿಯ ಮುಂಗೈ ಹಿಡಿದುಕೊಂಡಳು.

"ನೀರ ಮುಟ್ಟಸಬ್ಯಾಡ್ರಿ. ಒಳಗ ಇಳೀತೈತ್ರಿ."

ಡಾಕ್ಟರು ಸಿಟ್ಟಾಗಲಿಲ್ಲ. "ತಾಯಿ, ಒಳಗ ಏನೈತಿ ಅಂತ ನೋಡಾಕs ತೊಳಿಯೂದು. ನೀವs ತೊಳೀರಿ ಬೇಕಾದ್ರ" ಎಂದರು.

ಅವ್ವನೇ ತೊಳೆದಳು. ಒಂದೊಂದೇ ಪದರು ನೆನೆಯುತ್ತ ಹೋಯಿತು, ಬೋಗುಣಿಯ ನೀರು ಕೆಂಪಾಯಿತು. ಕೊನೆಯ ಪದರು ಬಂದ ಮೇಲೆ ಅವಳ ಕೈ ನಿಂತಿತು. ಗಲ್ಲದ ಬಾವು ಎಂದೋ ಇಳಿದು ಹೋಗಿತ್ತು. ಆದರೆ ಕಿವಿಯ ಹಿಂದೆ, ಎಲುಬಿನ ಮೇಲೆ, ಕೆಂಪಗೆ ಮಿರಿಮಿರಿ ಮಿಂಚುವ ಬೇರೆಯೇ ಒಂದು ಬಾವು ಎದ್ದಿತ್ತು. ಅದು ಒಳಗಿನಿಂದ ದೂಡಿದ್ದಕ್ಕೆ ಕಿವಿಯೇ ಮುಂದಕ್ಕೆ ಬಾಗಿ ನಿಂತಿತ್ತು. ಅವ್ವ ನೋಡಿದಳು. ನಾನು ಅವ್ವನ ಮುಖ ನೋಡಿದೆ, ಮತ್ತೆ ನೋಡಲಾಗಲಿಲ್ಲ. ಅವಳು ಹತ್ತಿಯನ್ನು ಹಿಂಡಿ ಬೋಗುಣಿಯ ಅಂಚಿಗೆ ಇಟ್ಟಳು.

ಬೆನ್ನುಮೂಳೆಯೊಳಗಿನ ನೀರು ತೆಗೆದು ನೋಡಬೇಕೆಂದು ಡಾಕ್ಟರು ಹೇಳಿದರು. ಅಪ್ಪ ಒಪ್ಪಲಿಲ್ಲ. ಬೆನ್ನಿನ ನೀರು ತೆಗೆದರೆ ಮನುಷ್ಯ ಮತ್ತೆ ಎದ್ದು ನಿಲ್ಲುವುದಿಲ್ಲ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇತ್ತು. "ಹೆಣ್ಣ ಹುಡುಗಿರಿ ಸಾಹೇಬ್ರ. ನಾಳೆ ಒಬ್ಬರ ಮನಿಗೆ ಹೋಗಾಕಿ. ಜನಮ ಪೂರ್ತಿ ಮಲಗಿದ್ರ ಯಾರ ನೋಡವ್ರು?" ಎಂದು ಅಪ್ಪ ಗೋಡೆಗೆ ಆತು ನಿಂತುಬಿಟ್ಟ. ಆಗ ಅವ್ವ ಎದ್ದು ಬಂದಳು. ಮನೆಯಲ್ಲಿ ಅಪ್ಪನ ಎದುರಿಗೆ ತಲೆಯ ಮೇಲಿನ ಸೆರಗು ಜಾರಿಸದ ಹೆಂಗಸು, ಆಸ್ಪತ್ರೆಯ ಪಡಸಾಲೆಯಲ್ಲಿ ಬರಿದಲೆಯಲ್ಲಿ ನಿಂತಿದ್ದಳು.

"ಮಲಗಿದ್ರ ನಾ ನೋಡ್ತೀನಿ. ಮಲಗೇ ಇರ್ಲಿ. ಇರ್ಲಿ ಅಷ್ಟ" ಎಂದಳು.

ನೀರು ತೆಗೆದರು. ಸ್ವಚ್ಛವಾಗಿ ಇರಬೇಕಾದದ್ದು ಅಕ್ಕಿ ತೊಳೆದ ನೀರಿನ ಹಾಗೆ ಬಂತಂತೆ. ಡಾಕ್ಟರು ನಮ್ಮನ್ನು ಬೆಂಚಿನ ಮೇಲೆ ಕೂರಿಸಿಕೊಂಡು ತಿಳಿಸಿ ಹೇಳಿದರು. ಮಿದುಳಿನ ಪೊರೆಗೆ ಎರಡು ಬೇನೆ ಒಂದರ ಬೆನ್ನಿಗೆ ಒಂದು ಹತ್ತಿವೆ. ಮೊದಲ ತಲೆನೋವು ತಂದದ್ದು ಮಂಗನಬಾವಿನ ವೈರಸ್ಸು, ಅದು ಬಹಳ ಮಟ್ಟಿಗೆ ತಾನಾಗಿ ಹೋಗುವಂಥದ್ದು, ಹೋಗುತ್ತಲೂ ಇತ್ತು. ಅದೇ ಹೊತ್ತಿಗೆ ಹಳೆಯ ಕಿವಿಯ ಕೀವು ಎಲುಬು ತಿಂದು ಒಳಗೆ ಇಳಿದಿದೆ. ಅದು ಬ್ಯಾಕ್ಟೀರಿಯಾ, ತಾನಾಗಿ ಹೋಗುವ ಜಾತಿಯಲ್ಲ. ಒಂದು ಸಿಕ್ಕ ಮೇಲೆ ಇನ್ನೊಂದನ್ನು ಯಾರೂ ಹುಡುಕಲಿಲ್ಲ.

ನನಗೆ ಅದು ಚೆನ್ನಾಗಿ ಅರ್ಥವಾಯಿತು. ಬಾಗಿಲಲ್ಲಿ ಬೀಗರ ಚಪ್ಪಲಿ ಕಂಡು, ಓಹೋ ಬೀಗರು ಬಂದಿದ್ದಾರೆ ಎಂದು ನಾವೆಲ್ಲ ಸುಮ್ಮನೆ ಕುಳಿತೆವು. ಅವರ ಬೆನ್ನ ಹಿಂದೆ ಒಳಗೆ ನುಗ್ಗಿದವನನ್ನು ಯಾರೂ ನೋಡಲಿಲ್ಲ. ಬೀಗರು ಎದ್ದು ಹೋದ ಮೇಲೂ ಅವನು ಮನೆಯಲ್ಲೇ ಇದ್ದ.

ಅವತ್ತಿನಿಂದ ಸೂಜಿ. ಹೊತ್ತುಹೊತ್ತಿಗೆ ಸೂಜಿ. ಕಿವಿಯ ಹಿಂದೆ ಕೊಯ್ದು ಎಲುಬಿನೊಳಗಿನ ಕೀವನ್ನು ತೆಗೆದರು. ಆ ದಿನಗಳಲ್ಲಿ ನಾವು ಏನು ತಿಂದೆವು, ಎಲ್ಲಿ ಮಲಗಿದೆವು ನನಗೆ ನೆನಪಿಲ್ಲ. ಅವ್ವ ತಂಗಿಯ ಕಾಲ ಬಳಿ ಕುಳಿತು ಹಲ್ಲಿಗೆ ಮಿಶ್ರಿ ತಿಕ್ಕುತ್ತಿದ್ದದ್ದು ಮಾತ್ರ ನೆನಪಿದೆ. ನಿಪ್ಪಾಣಿಯ ತಂಬಾಕು ಸುಟ್ಟು ಮಾಡಿದ ಆ ಕರಿ ಪುಡಿ ಇಲ್ಲದೆ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ. ಬಾಯಲ್ಲಿ ಬೆರಳಿಟ್ಟುಕೊಂಡೇ ಕುಳಿತಿರುತ್ತಿದ್ದಳು. ಮಾತಾಡಿಸಿದರೂ ಬೆರಳು ತೆಗೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ತಂಗಿ ಕಣ್ಣು ಬಿಟ್ಟಳು. ಕಣ್ಣು ಮೊದಲೂ ಬಿಡುತ್ತಿದ್ದಳು, ಆದರೆ ಆ ಬೆಳಿಗ್ಗೆ ಅದರೊಳಗೆ ಅವಳು ಇದ್ದಳು. ನನ್ನನ್ನು ಗುರುತು ಹಿಡಿದು ನಕ್ಕಳು.

"ಅಕ್ಕಾ, ಎಮ್ಮಿ ಈದೈತೇನ?"

ನಾನು ಅಳುತ್ತ ನಗುತ್ತ, "ಈದೈತಬೇ, ಹೆಣ್ಣ ಕರಾ" ಎಂದೆ. ಊರಿನಿಂದ ಬಂದವರು ಸುದ್ದಿ ಹೇಳಿದ್ದರು.

"ಈದೈತೇನ ಅಂದ್ನಿ."

"ಈದೈತಿ. ಹೆಣ್ಣ ಕರಾ ಐತಿ."

ಅವಳು ದಿಂಬಿನ ಮೇಲೆ ಕಷ್ಟಪಟ್ಟು ತಲೆ ಹೊರಳಿಸಿ ಬಲಗಿವಿಯನ್ನು ನನ್ನ ಕಡೆ ಮಾಡಿದಳು. ನಾನು ಬಾಗಿ ಅದರೊಳಗೇ ಹೇಳಿದೆ. ಆಮೇಲೆ ಜೋರಾಗಿ ಹೇಳಿದೆ. ಆಮೇಲೆ ಕೂಗಿದೆ. ವಾರ್ಡಿನ ಮಂದಿಯೆಲ್ಲ ನಮ್ಮ ಕಡೆ ತಿರುಗಿದರು.

"ಯಾಕಬೇ ಬರೇ ಬಾಯಿ ಆಡಸ್ತಿ? ಚಾಷ್ಟಿ ಮಾಡಬ್ಯಾಡ, ಹೇಳ" ಎಂದಳು ತಂಗಿ. ಅವಳು ಇನ್ನೂ ನಗುತ್ತಿದ್ದಳು, ನಾನು ಆಟ ಆಡುತ್ತಿದ್ದೇನೆ ಎಂದುಕೊಂಡು.

ಎರಡು ಕಿವಿಯೂ ಹೋಗಿದ್ದವು. ಯಾವ ಬೇನೆ ಕಸಿದುಕೊಂಡಿತು ಎಂದು ನಾನು ಡಾಕ್ಟರನ್ನು ಕೇಳಿದೆ. ನನಗೆ ಯಾರ ಮೇಲಾದರೂ ಸಿಟ್ಟು ಮಾಡಬೇಕಿತ್ತು, ಹೆಸರು ಬೇಕಿತ್ತು. ಅವರು ತಲೆಯಾಡಿಸಿದರು. "ಹೇಳಾಕ ಬರಂಗಿಲ್ಲ. ಎರಡಕ್ಕೂ ಕಿವಿ ತಗೊಳ್ಳೂ ಗುಣ ಐತಿ. ಮಂಗನಬಾವು ತಗೊಂಡೀತು, ಕೀವು ತಗೊಂಡೀತು. ಕೂಡಿ ತಗೊಂಡಿದ್ರೂ ತಗೊಂಡಿರಬೇಕು. ಜೀವಾ ಉಳೀತಲ್ಲ, ಕಾಳಜಿ ಮಾಡಬ್ಯಾಡ್ರಿ."

ಜೀವ ಉಳೀತಲ್ಲ. ಊರಿಗೆ ಬಂದ ಮೇಲೂ ಬಂದವರೆಲ್ಲ ಅದನ್ನೇ ಹೇಳಿದರು. ಅಪ್ಪನಂತೂ ಅವಳು ಎದ್ದು ನಡೆದದ್ದಕ್ಕೇ ಗುಡಿಯವರೆಗೂ ಮಲಗಿ ಎದ್ದು ದೇವರಿಗೆ ದೀಡ ನಮಸ್ಕಾರ ಹಾಕಿದ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಉಳಿದದ್ದು ಗೊತ್ತಿದೆ, ಹೋದದ್ದರ ಲೆಕ್ಕ ಯಾರು ಹೇಳಬೇಕು? ಊರಿನ ಸುದ್ದಿಯನ್ನೆಲ್ಲ ತರುತ್ತಿದ್ದವಳು ಈಗ ನಾವು ನಕ್ಕರೆ ಯಾಕೆ ನಕ್ಕೆವೆಂದು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ನಾವು ನಗುವುದನ್ನೇ ಬಿಟ್ಟೆವು. ಕುಂಬಾರಜ್ಜಿ ಬಂದು ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಅತ್ತು ಹೋದಳು. ಆಮೇಲೆ ಅವಳು ಮಣ್ಣು ಬಳಿಸಿಕೊಳ್ಳಲು ಬಂದ ಪ್ರತಿ ಮಗುವಿನ ತಾಯಿಗೂ "ಕಿವಿ ಸೋರ್ತೈತೇನ?" ಎಂದು ಮೊದಲು ಕೇಳುತ್ತಿದ್ದಳಂತೆ. ಹೌದು ಅಂದರೆ ಮಿರಜಕ್ಕೆ ಹೋಗಿರಿ ಎನ್ನುತ್ತಿದ್ದಳಂತೆ. ಕೆಟ್ಟ ಮೇಲೆ ಬುದ್ಧಿ ಬಂತು. ಆದರೂ ಬಂತಲ್ಲ, ಅವಳಿಗೆ ನಾನು ಎಂದೂ ಒಂದು ಮಾತು ಅನ್ನಲಿಲ್ಲ.

ಅವ್ವನಿಗೂ ಅನ್ನಲಿಲ್ಲ. ಒಂದು ಸಲ ಮಾತ್ರ, ನನ್ನ ಮದುವೆಯ ಹಿಂದಿನ ದಿನ, ಅವಳು ಒಲೆಯ ಮುಂದೆ ಒಬ್ಬಳೇ ಕುಳಿತಿದ್ದಾಗ ನಾನೇ ಹೋಗಿ ಹೇಳಿದೆ. "ಡಾಕ್ಟರು ಹೇಳ್ಯಾರಲ್ಲ ಅವ್ವಾ, ಯಾವದರಿಂದ ಕಿವಿ ಹೋದವು ಅಂತ ಯಾರಿಗೂ ಗೊತ್ತಿಲ್ಲ. ಮಂಗನಬಾವಿನಿಂದನೂ ಹೋಗಿರಬೇಕು."

ಅವ್ವ ಬಾಯಿಯಿಂದ ಮಿಶ್ರಿಯ ಬೆರಳು ತೆಗೆದಳು. "ನನಗ ಗೊತ್ತೈತಿ" ಎಂದಳು. ಮತ್ತೆ ಬೆರಳಿಟ್ಟುಕೊಂಡಳು.

ತಂಗಿ ಮದುವೆಯಾಗಲಿಲ್ಲ. ಕೇಳಿ ಬಂದವರು ಎರಡನೆಯ ಸಂಬಂಧದವರು, ಅವಳೇ ಅವರನ್ನು ಅಂಗಳದಿಂದ ಓಡಿಸಿದಳು. ಎಮ್ಮೆಗಳನ್ನು ಮತ್ತೆ ಹಿಡಿದಳು. ಮುಸ್ಸಂಜೆಯಲ್ಲಿ ಕಾಲುವೆಯ ಒಡ್ಡಿನ ಮೇಲೆ ನಡೆಯುವಾಗ ತೂಗಾಡುತ್ತಿದ್ದಳು. ಕಿವಿಯ ಜತೆಗೆ ಮೈಯ ತೋಲವೂ ಹೋಗಿತ್ತು. ಎಮ್ಮೆಯ ಬೆನ್ನ ಮೇಲೆ ಒಂದು ಕೈ ಇಟ್ಟುಕೊಂಡು ಬರುವುದನ್ನು ಕಲಿತಳು. ಅವಳ ದನಿ ಬದಲಾಯಿತು, ಗಟ್ಟಿಯಾಯಿತು, ಏರಿಳಿತ ಹೋಯಿತು. ಹೊಸಬರು ಕೇಳಿದರೆ ಜಗಳಕ್ಕೆ ಬಂದಿದ್ದಾಳೆ ಅನ್ನಬೇಕು. ತುಟಿ ನೋಡಿ ಮಾತು ಹಿಡಿಯುವುದನ್ನು ಮಾತ್ರ ಚೆನ್ನಾಗಿ ಕಲಿತಳು, ಅದರಲ್ಲೂ ನನ್ನ ತುಟಿಯನ್ನು. ನಾನು ತವರಿಗೆ ಬಂದಾಗ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು, ನಾನು ಅತ್ತಿತ್ತ ನೋಡಿದರೆ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದಳು. "ಮುಖಾ ತೋರಿಸಿ ಹೇಳಬೇ" ಎನ್ನುತ್ತಿದ್ದಳು. ಅವ್ವನ ಮಾತು ಮಾತ್ರ ಅವಳಿಗೆ ಹಿಡಿಯಲು ಆಗುತ್ತಿರಲಿಲ್ಲ. ಅವ್ವನ ಹಲ್ಲು ಬಿದ್ದು ತುಟಿಗಳು ಒಳಗೆ ಹೋಗಿದ್ದವು, ಬಾಯಿಗೆ ಅಡ್ಡ ಯಾವಾಗಲೂ ಬೆರಳು. ಮಾತು ಅರ್ಥವಾಗದಿದ್ದಾಗ ತಂಗಿ ಹಳೆಯ ರೂಢಿಯಂತೆ ಬಲಗಿವಿಯನ್ನು ಅವಳ ಮುಂದೆ ಒಡ್ಡುತ್ತಿದ್ದಳು. ಏನೂ ಕೇಳದ ಆ ಕಿವಿಯನ್ನು ಅವಳು ಒಡ್ಡಿದಾಗಲೆಲ್ಲ ಅವ್ವ ಎದ್ದು ಹೊರಗೆ ಹೋಗುತ್ತಿದ್ದಳು.

ಹೀಗೆ ವರ್ಷಗಳು ಹೋದವು. ತೊಂಬತ್ತರ ದಶಕದ ಕೊನೆಯಲ್ಲಿ ಅವ್ವ ಹಾಸಿಗೆ ಹಿಡಿದಳು. ಹೊಟ್ಟೆಯ ಬೇನೆ, ಮಿರಜದವರೂ ಮನೆಗೆ ಕರೆದುಕೊಂಡು ಹೋಗಿ ಎಂದರು. ನಾನು ಬಂದು ಉಳಿದೆ. ಅವ್ವನ ಉಣಿಸು ತಿನಿಸು, ಮೈ ಒರೆಸುವುದು, ಬಟ್ಟೆ ಬದಲಿಸುವುದು ಎಲ್ಲ ತಂಗಿಯದೇ, ನನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಮಗಳು ಮಲಗಿದರೆ ನಾನು ನೋಡುತ್ತೇನೆ ಅಂದವಳು ಅವ್ವ. ಮಲಗಿದವಳು ಅವ್ವನೇ, ನೋಡಿದವಳು ತಂಗಿ.

ಒಂದು ಮಧ್ಯಾಹ್ನ ಅಪ್ಪ ಹೊಲಕ್ಕೆ ಹೋಗಿದ್ದ. ನಾನು ಹಾಸಿಗೆಯ ತಲೆಯ ಕಡೆ ಕುಳಿತು ಜೋಳ ಹಸನು ಮಾಡುತ್ತಿದ್ದೆ. ತಂಗಿ ಅವ್ವನ ಬಾಯಿ ಒರೆಸಿದಳು. ಬಾಯಲ್ಲಿ ಮಿಶ್ರಿಯಿಲ್ಲದೆ ಬಹಳ ದಿನಗಳಾಗಿದ್ದವು. ಅವ್ವ ತಂಗಿಯ ಸೀರೆ ಹಿಡಿದು ಎಳೆದಳು. ಏನೋ ಹೇಳಬೇಕಾಗಿದೆ ಎಂದು ತಿಳಿದು ತಂಗಿ ಬಾಗಿ ಬಲಗಿವಿಯನ್ನು ಅವಳ ಬಾಯಿಗೆ ಹಚ್ಚಿದಳು. ಈ ಸಲ ಅವ್ವನಿಗೆ ಎದ್ದು ಹೋಗಲು ಆಗುವಂತಿರಲಿಲ್ಲ. ಅವಳು ಆ ಕಿವಿಯೊಳಗೆ ಮಾತಾಡತೊಡಗಿದಳು.

"ತೊಳಿ ಅವ್ವಾ ಅಂದಿದ್ದಿ ನೀ. ಕಿವಿ ಹಿಂದ ಕಡೀತೈತಿ ಅಂದಿದ್ದಿ. ನಾ ತೊಳೀಲಿಲ್ಲ. ನಿನ್ನ ಕೈ ಹೊಡದ್ನಿ. ಮ್ಯಾಲ ಮತ್ತ ಮಣ್ಣ ಮೆತ್ತಿದ್ನಿ. ಅವತ್ತ ತೊಳದಿದ್ರ..." ಉಸಿರು ಸಾಲದೆ ನಿಲ್ಲಿಸಿದಳು. ಮತ್ತೆ ಹೇಳಿದಳು. "ಇದs ಕೈ ಹೊಡದದ್ದು. ನನ್ನ ಕೂಸ, ಸಿಟ್ಟ ಮಾಡಬ್ಯಾಡ. ಸಿಟ್ಟ ಇಲ್ಲ ಅಂತ ಅನ್ನ."

ನನ್ನ ಕೈಯ ಜೋಳ ಮೊರದಲ್ಲೇ ಉಳಿಯಿತು. ತಂಗಿ ಕಣ್ಣು ಮುಚ್ಚಿಕೊಂಡು ಕಿವಿಯನ್ನು ಹಾಗೆಯೇ ಹಚ್ಚಿಕೊಂಡಿದ್ದಳು. ಮಾತಿನ ಬಿಸಿಯುಸಿರು ಅವಳ ಕಿವಿಗೆ ತಾಗುತ್ತಿರಬೇಕು. ಅವ್ವನ ಮಾತು ನಿಂತಾಗ ಅದು ನಿಂತದ್ದೂ ಅವಳಿಗೆ ತಿಳಿಯಿತು. ಅವಳು ತಲೆಯಾಡಿಸಿದಳು. "ಹೂಂ ಅವ್ವಾ. ಹೂಂ. ಆತು" ಎಂದಳು ತನ್ನ ಆ ಗಟ್ಟಿ ದನಿಯಲ್ಲಿ. ಅವ್ವನ ಮುಖದ ಗಂಟು ಬಿಚ್ಚಿತು. ಅವಳು ತಂಗಿಯ ಕಿವಿಯನ್ನು, ಅದರ ಹಿಂದಿನ ಕೂದಲನ್ನು ಸವರುತ್ತಲೇ ನಿದ್ದೆ ಹೋದಳು. ಅದಾದ ಮೇಲೆ ಅವಳು ಹೆಚ್ಚು ಮಾತಾಡಲಿಲ್ಲ, ಬಹಳ ದಿನ ಇರಲೂ ಇಲ್ಲ.

ಅವತ್ತಿನ ಸಂಜೆ ಹಾಲು ಹಿಂಡುವಾಗ ನಾನು ತಂಗಿಯ ಜತೆ ಕೊಟ್ಟಿಗೆಯಲ್ಲಿ ಇದ್ದೆ. ಬೊಗಸೆಯಲ್ಲಿ ನೀರು ಹಿಡಿದು ಎಮ್ಮೆಯ ಕೆಚ್ಚಲು ತೊಳೆಯುತ್ತ ಅವಳು ನನ್ನ ಕಡೆ ತಿರುಗಿದಳು.

"ಅಕ್ಕಾ, ಮಧ್ಯಾಹ್ನ ಅವ್ವ ಏನಂದ್ಳ?"

ಅವಳು ನನ್ನ ತುಟಿ ನೋಡುತ್ತಿದ್ದಳು. ನಾನು ಏನು ಹೇಳಿದರೂ ಅವಳಿಗೆ ತಿಳಿಯುತ್ತಿತ್ತು.

"ಉಂಡಿಯೇನ ಅಂತ ಕೇಳಿದ್ಳು" ಎಂದೆ.

"ಅಷ್ಟೊತ್ತು ಅದನ್ನs?"

"ಅದನ್ನs. ಮತ್ತ ಮತ್ತ ಕೇಳಿದ್ಳು."

ತಂಗಿ ಇನ್ನೊಂದು ಬೊಗಸೆ ನೀರು ಕೆಚ್ಚಲಿಗೆ ಎರಚಿದಳು. "ನಾ ಹೂಂ ಅಂದ್ನಲ್ಲ" ಎಂದಳು. "ಸರಿ ಆತಲ್ಲ?"

ನಾನು ಗೋಡೆಯ ಕಡೆ ತಿರುಗಿ ಸರಿ ಆಯಿತೆಂದೆ. ಹಸಿ ಕೈ ಬಂದು ನನ್ನ ಗದ್ದ ಹಿಡಿಯಿತು.

"ಮುಖಾ ತೋರಿಸಿ ಹೇಳಬೇ."

ನಾನು ತೋರಿಸಿದೆ. "ಸರಿ ಆತು" ಎಂದೆ.